ದೂರು ಕೊಡುವುದು ಹೇಗೆ? ಬಾಯಿ ಬಿಟ್ಟು ಹೇಳಲಾಗದವರ ಕತೆ ಏನು? ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿರುವ ನಮ್ಮದು ಸಣ್ಣ ಕ್ಲಿನಿಕ್. ಮೂವರು ಡಾಕ್ಟರು, ಸಿಸ್ಟರ್‌ಗಳು, ಲ್ಯಾಬಿನವರು, ಆಯಾ, ಸೆಕ್ಯುರಿಟಿ ಎಲ್ಲ ಸೇರಿ ಹದಿನಾಲ್ಕು ಮಂದಿ. ರಾತ್ರಿ ಯಾರನ್ನೂ ಅಡ್ಮಿಟ್ ಮಾಡುವುದಿಲ್ಲ. ಇಲ್ಲಿ ದೂರು ಕೇಳುವುದು, ಬರೆದುಕೊಳ್ಳುವುದು, ಉತ್ತರ ಕೊಡಿಸುವುದು ನನ್ನ ಕೆಲಸ. ಮೊದಲು ಇದೇ ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಟೋಕನ್ ಕೊಡುತ್ತಿದ್ದೆ. ಹಾಗಾಗಿ ಜನ ಏನು ಕೇಳುತ್ತಾರೆ, ಏನನ್ನು ಕೇಳಲಾಗದೆ ಸುಮ್ನೆ ಮನೆಗೆ ಹೋಗುತ್ತಾರೆ, ಎರಡೂ ಸ್ವಲ್ಪ ಗೊತ್ತು. ಕೆಳಗಿನ ಪ್ರಶ್ನೆಗಳಲ್ಲಿ ಕೆಲವನ್ನು ಕೌಂಟರಿನಲ್ಲಿ ಕೇಳಿದ್ದಾರೆ, ಕೆಲವನ್ನು ಫೋನಿನಲ್ಲಿ. ಒಂದೆರಡನ್ನು ಸಿಟಿ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳಿದ್ದು.

"ವಿಶೇಷ ಕಾಳಜಿ ಬೇಕಾದ ರೋಗಿಗಳು" ಅಂತ ಬೋರ್ಡ್ ಹಾಕಿದ್ದೀರಿ. ಅವರು ಯಾರು?

ತನಗೆ ಬೇಡದ್ದನ್ನು ಬೇಡ ಅಂತ ಹೇಳಲು ಈ ಹೊತ್ತಿಗೆ ಯಾರಿಗೆ ಆಗುವುದಿಲ್ಲವೋ ಅವರು. ಮಕ್ಕಳು, ಮರೆವಿನ ಕಾಯಿಲೆಯ ಹಿರಿಯರು, ಅಂಗವೈಕಲ್ಯ ಇರುವವರು, ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು, ಮನೆಯಲ್ಲಿ ಪೆಟ್ಟು ತಿನ್ನುವವರು. ಇದು ಎಲ್ಲರೂ ಹೇಳುವ ಪಟ್ಟಿ. ನಾವು ಇನ್ನೂ ಕೆಲವರನ್ನು ಸೇರಿಸಿದ್ದೇವೆ. ಮಲ್ಪೆಯ ಮೀನುಗಾರಿಕೆ ಬೋಟಿನಲ್ಲಿ ಕೆಲಸಕ್ಕೆ ಬಂದ, ಕನ್ನಡವೂ ತುಳುವೂ ಬಾರದ ಹೊರ ರಾಜ್ಯದ ಹುಡುಗ. ಮಾಲೀಕನೇ ಅವನನ್ನು ಕರೆತಂದಿರುತ್ತಾನೆ, ಬಿಲ್ಲೂ ಅವನೇ ಕೊಡುತ್ತಾನೆ, ಮಾತೂ ಅವನೇ ಆಡುತ್ತಾನೆ. ಹುಡುಗನ ಬಾಯಿಂದ ಒಂದು ಶಬ್ದ ಬರುವುದಿಲ್ಲ.

ಊರಲ್ಲಿ ನಾಲ್ಕು ಜನರ ಜಗಳ ಬಿಡಿಸುವ ಗಟ್ಟಿಗರೂ ಈ ಪಟ್ಟಿಗೆ ಬರಬಹುದು. ಎಂಡೋಸ್ಕೋಪಿಗೆ ಮಂಪರಿನ ಇಂಜೆಕ್ಷನ್ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಅವರು ಮಗುವಿನ ಹಾಗೆ. ಆಗ ಅವರ ಹತ್ತಿರ ಯಾವ ಕಾಗದಕ್ಕೂ ಸಹಿ ಹಾಕಿಸಬಾರದು, ಒಬ್ಬರನ್ನೇ ರಿಕ್ಷಾ ಹತ್ತಿಸಬಾರದು.

ನನ್ನ ಅಮ್ಮನಿಗೆ ತುಳು ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಡಾಕ್ಟರು ಹೇಳಿದ್ದು ಅರ್ಥ ಆಗುತ್ತದಾ?

ನಮ್ಮ ಸಿಸ್ಟರ್‌ಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ ಬಲ್ಲವರಿದ್ದಾರೆ. ಟೋಕನ್ ತೆಗೆಯುವಾಗಲೇ ಹೇಳಿ, ಒಬ್ಬರು ಒಳಗೆ ಬರುತ್ತಾರೆ.

ಇದರ ಹಿಂದೆ ಒಂದು ಕತೆ ಇದೆ. ಬೇರೆ ಊರಿನಿಂದ ಬಂದ ಡಾಕ್ಟರೊಬ್ಬರು ನಮ್ಮಲ್ಲಿದ್ದರು. ಒಳ್ಳೆಯ ಮನುಷ್ಯ, ತಾಳ್ಮೆಯಿಂದ ಕನ್ನಡದಲ್ಲಿ ವಿವರಿಸುತ್ತಿದ್ದರು. ಅಜ್ಜಿಯೊಬ್ಬರು ಪ್ರತಿ ಮಾತಿಗೂ "ಆವು, ಆವು" (ತುಳುವಿನಲ್ಲಿ "ಆಯಿತು, ಆಯಿತು") ಅಂತ ತಲೆಯಾಡಿಸಿದರು. ಡಾಕ್ಟರು ಇದನ್ನು ಒಪ್ಪಿಗೆ ಅಂದುಕೊಂಡು ಕಾಲಿನ ಗಡ್ಡೆ ತೆಗೆಯಲು ದಿನ ಗೊತ್ತು ಮಾಡಿದರು. ಹೊರಗೆ ಬಂದ ಅಜ್ಜಿ ನನ್ನ ಹತ್ತಿರ ಕೇಳಿದ್ದು, "ಮುಲಾಮು ಎಲ್ಲಿ ಕೊಡುತ್ತಾರೆ ಮಗಾ?" ನಮ್ಮ ಕಡೆಯ ಹಿರಿಯರು ಡಾಕ್ಟರ ಎದುರು "ಆವು" ಅಂದರೆ ಅದು ಮರ್ಯಾದೆ, ಒಪ್ಪಿಗೆ ಅಲ್ಲ. ಈಗ ನಾವು ಅವರ ಬಾಯಿಂದಲೇ ಹೇಳಿಸುತ್ತೇವೆ. "ನಾಡಿದ್ದು ಏನು ಮಾಡುತ್ತಾರೆ ಅಂತ ನೀವು ಹೇಳಿ ನೋಡುವ" ಅಂತ. ಅವರು ಅವರದ್ದೇ ಮಾತಿನಲ್ಲಿ ಹೇಳಿದ ಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು. ಯಾವ ಚಿಕಿತ್ಸೆ, ಏನು ಅಪಾಯ, ಬೇರೆ ದಾರಿ ಏನಿದೆ ಅಂತ ತಿಳಿಸಿ ಪಡೆದ ಒಪ್ಪಿಗೆ ಮಾತ್ರ ಒಪ್ಪಿಗೆ ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ.

ಒಂದು ವಿನಂತಿ. ಭಾಷಾಂತರಕ್ಕೆ ಶಾಲೆಗೆ ಹೋಗುವ ಮೊಮ್ಮಗಳನ್ನು ಕೂರಿಸಬೇಡಿ. ಅಜ್ಜಿಯ ಮೂತ್ರದ ತೊಂದರೆಯನ್ನು ಆ ಮಗು ಹೇಗೆ ಹೇಳೀತು?

ನಾನು ಗಂಡ. ನನ್ನನ್ನು ಯಾಕೆ ಹೊರಗೆ ಕಳಿಸಿದಿರಿ?

ನಿಮ್ಮ ಮೇಲೆ ಸಂಶಯ ಅಂತ ಅಲ್ಲ. ಹೊಸದಾಗಿ ಬರುವ ದೊಡ್ಡವರೆಲ್ಲರ ಹತ್ತಿರವೂ ಡಾಕ್ಟರು ಐದು ನಿಮಿಷ ಒಬ್ಬರೇ ಮಾತಾಡುತ್ತಾರೆ. ಎಲ್ಲರಿಗೂ ಒಂದೇ ಕ್ರಮ ಆದ್ದರಿಂದ ಯಾರಿಗೂ ಬೇಸರ ಬೇಡ. ಅಮ್ಮ, ಅತ್ತೆ, ಮಗ, ಬೋಟಿನ ಮಾಲೀಕ ಎಲ್ಲರೂ ಆ ಐದು ನಿಮಿಷ ಹೊರಗೆ. ಆಮೇಲೆ ರೋಗಿ ಬೇಕು ಅಂದರೆ ಖಂಡಿತ ಒಳಗೆ ಬರಬಹುದು. ಮರೆವಿನವರು, ಹೆದರುವವರು ಆದರೆ ಪರಿಚಿತರು ಪಕ್ಕದಲ್ಲಿರುವುದೇ ಒಳ್ಳೆಯದು.

ಗಂಡು ಡಾಕ್ಟರು ಹೆಂಗಸರ ಮೈ ಪರೀಕ್ಷೆ ಮಾಡುವಾಗ ಹೆಂಗಸೊಬ್ಬರು ಕೋಣೆಯಲ್ಲಿರಬೇಕು. ಇದು ರೋಗಿಯ ಹಕ್ಕು. ಸಿಸ್ಟರ್ ಬಿಡುವಾಗಿಲ್ಲ ಅಂದರೆ ಕಾಯಿರಿ, "ಪರವಾಗಿಲ್ಲ ಡಾಕ್ಟ್ರೇ" ಅನ್ನಬೇಡಿ. ಪರೀಕ್ಷೆಯ ಕೋಣೆಯಲ್ಲಿ ಕ್ಯಾಮೆರಾ ಇಲ್ಲ. ವರಾಂಡದಲ್ಲಿ, ಕೌಂಟರಿನಲ್ಲಿ ಇದೆ.

ಅಂಗಳದಲ್ಲಿ ಜಾರಿ ಬಿದ್ದದ್ದಕ್ಕೂ ಇಷ್ಟು ಪ್ರಶ್ನೆ ಯಾಕೆ?

ಮಳೆಗಾಲದಲ್ಲಿ ಈ ಪ್ರಶ್ನೆ ಜಾಸ್ತಿ. ನಿಜ ಹೇಳುವುದಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿಗೆ ಬರುವ ಪೆಟ್ಟುಗಳಲ್ಲಿ ಬಹಳಷ್ಟು ಪಾಚಿಯಲ್ಲಿ ಜಾರಿಯೇ ಆದದ್ದು. ಕೆಂಪುಕಲ್ಲಿನ ಮೆಟ್ಟಿಲು, ಬಚ್ಚಲ ಎದುರಿನ ಜಾಗ, ತೋಟಕ್ಕೆ ಇಳಿಯುವ ದಾರಿ. ನಾನೇ ಎರಡು ಸಲ ಬಿದ್ದಿದ್ದೇನೆ.

ಕಷ್ಟ ಇರುವುದು ಅಲ್ಲಿಯೇ. ಮಳೆಗಾಲದಲ್ಲಿ "ಜಾರಿ ಬಿದ್ದೆ" ಅನ್ನುವುದು ಎಲ್ಲರೂ ನಂಬುವ ಉತ್ತರ. ಮಗ ತಳ್ಳಿದ ಅಮ್ಮನೂ ಅದನ್ನೇ ಹೇಳುತ್ತಾಳೆ. ಹಾಗಾಗಿ ನಾವು ಪೆಟ್ಟಿಗೂ ಮಾತಿಗೂ ತಾಳೆ ಇದೆಯಾ ಅಂತ ನೋಡುತ್ತೇವೆ. ಜಾರಿ ಬೀಳುವವರು ಕೈ ಊರುತ್ತಾರೆ. ಮಣಿಗಂಟು, ಮೊಣಕೈ, ಸೊಂಟ, ಮೊಣಕಾಲಿಗೆ ಪೆಟ್ಟಾಗುತ್ತದೆ. ಎರಡೂ ತೋಳಿನ ಒಳಭಾಗದಲ್ಲಿ ಬೆರಳಿನ ಹಾಗೆ ಗುರುತು ಇದ್ದರೆ, ಕಿವಿಯ ಹಿಂದೆ, ಕುತ್ತಿಗೆಯಲ್ಲಿ ಇದ್ದರೆ, ಹೊಸ ಪೆಟ್ಟಿನ ಪಕ್ಕದಲ್ಲಿ ಮಾಯುತ್ತಿರುವ ಹಳೆಯ ಪೆಟ್ಟು ಇದ್ದರೆ ಯೋಚನೆ ಬರುತ್ತದೆ. ಮೂಳೆ ಮುರಿದು ನಾಲ್ಕು ದಿನ ಆದ ಮೇಲೆ ಕರೆತಂದರೆ, ಜೊತೆಗೆ ಬಂದವರು ಒಂದು ಹೇಳಿ ರೋಗಿ ಇನ್ನೊಂದು ಹೇಳಿದರೆ ಕೂಡ.

ಹಾಗಂತ ಒಂದೇ ಗುರುತು ನೋಡಿ ತೀರ್ಮಾನ ಮಾಡುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆ ನುಂಗುವ ಹಿರಿಯರಿಗೆ ಮೆಲ್ಲ ಮುಟ್ಟಿದರೂ ಚರ್ಮ ನೀಲಿಯಾಗುತ್ತದೆ. ಮೊದಲು ಮಾತ್ರೆ ಚೀಟಿ ನೋಡುತ್ತೇವೆ. ಆಮೇಲೆ ಪ್ರಶ್ನೆ.

ಅನುಮಾನ ಬಂದರೆ ಸೀದಾ ಪೊಲೀಸರಿಗೆ ಹೇಳುತ್ತೀರಾ?

ವಯಸ್ಸಿನ ಮೇಲೆ, ಆದ ಘಟನೆಯ ಮೇಲೆ ಹೋಗುತ್ತದೆ.

ಹದಿನೆಂಟು ತುಂಬಿದ ಹೆಂಗಸು ಮನೆಯಲ್ಲಿ ಹಿಂಸೆ ಆಗುತ್ತಿದೆ ಅಂದರೆ, ಮುಂದೆ ಏನು ಮಾಡಬೇಕು ಅನ್ನುವುದು ಹೆಚ್ಚಾಗಿ ಅವರ ತೀರ್ಮಾನ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಏನೇನು ರಕ್ಷಣೆ ಇದೆ ಅಂತ ಹೇಳುತ್ತೇವೆ. ಆ ಕಾಯ್ದೆಯಡಿ ನೆರವಾಗುವ ರಕ್ಷಣಾಧಿಕಾರಿಯ ವಿಷಯ, ಹಿಂಸೆಗೆ ಸಿಕ್ಕ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರದ ವಿಷಯ, ಮಹಿಳೆಯರ 181 ಸಹಾಯವಾಣಿ ಹೇಳುತ್ತೇವೆ. ಚೀಟಿಯಲ್ಲಿ ಬರೆದು ಕೊಡುವುದಿಲ್ಲ, ಮನೆಯಲ್ಲಿ ಸಿಕ್ಕಿದರೆ ಅದಕ್ಕೇ ಇನ್ನೊಂದು ಪೆಟ್ಟು. ಬಾಯಿಪಾಠ ಮಾಡಿಸಿ ಕಳಿಸುತ್ತೇವೆ. ಮೂರೇ ಅಂಕಿ ಅಲ್ವಾ? ಆದರೆ ವಿಷ ಕುಡಿದದ್ದು, ಸುಟ್ಟ ಗಾಯ, ಹಲ್ಲೆಯ ದೊಡ್ಡ ಗಾಯ ಆದರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ) ಅಂತ ಬರೆದು ಠಾಣೆಗೆ ತಿಳಿಸುತ್ತೇವೆ. ಅದನ್ನು ಮುಚ್ಚಿಡಿ ಅಂತ ಯಾರು ಕೇಳಿದರೂ ಆಗುವುದಿಲ್ಲ.

ಅತ್ಯಾಚಾರ ಅಥವಾ ಆಸಿಡ್ ದಾಳಿಗೆ ಸಿಕ್ಕವರಿಗೆ ಖಾಸಗಿ ಆಸ್ಪತ್ರೆಯವರೂ ತಕ್ಷಣ, ಒಂದು ರೂಪಾಯಿ ತೆಗೆದುಕೊಳ್ಳದೆ ಚಿಕಿತ್ಸೆ ಕೊಡಬೇಕು, ಪೊಲೀಸರಿಗೆ ತಿಳಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಇದನ್ನು ಹೇಳುತ್ತದೆ. "ಮೊದಲು ಎಫ್‌ಐಆರ್ ತನ್ನಿ" ಅಂತ ವಾಪಸ್ ಕಳಿಸಿದರೆ ಆಸ್ಪತ್ರೆಯವರದೇ ಅಪರಾಧ.

ಹುಡುಗಿಗೆ 17. ಮನೆಯವರೆಲ್ಲ ಒಪ್ಪಿಯೇ ಮದುವೆ ಮಾಡಿದ್ದು. ಗರ್ಭಿಣಿ. ಆದರೂ ಕೇಸ್ ಆಗುತ್ತದಾ?

ನಾವು ತಿಳಿಸಲೇಬೇಕು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯಲ್ಲಿ ಹದಿನೆಂಟರ ಒಳಗಿನವರೆಲ್ಲ ಮಕ್ಕಳು. ಅವಳು ಒಪ್ಪಿದ್ದಾಳೆ, ಅಪ್ಪ ಅಮ್ಮ ಒಪ್ಪಿದ್ದಾರೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಗೊತ್ತಿದ್ದೂ ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ತಾಯಂದಿರು ಕೈ ಮುಗಿದು ಕೇಳುತ್ತಾರೆ. ನನ್ನ ಕೆಲಸದಲ್ಲಿ ತೀರಾ ಕಷ್ಟದ ಗಳಿಗೆ ಇದು. ಆದರೆ ಆ ಹುಡುಗಿಗೆ ಬೇಡವಾಗಿತ್ತಾ ಅಂತ ಆವತ್ತಿನವರೆಗೆ ಯಾರೂ ಕೇಳಿರುವುದಿಲ್ಲ ಅನ್ನುವುದೂ ನೆನಪಿರಬೇಕಲ್ಲ.

ನಾವು ಕದ್ದು ಫೋನ್ ಮಾಡುವುದಿಲ್ಲ. ಸಾಧಾರಣವಾಗಿ ಮನೆಯವರಿಗೂ ಹುಡುಗಿಗೂ ಮೊದಲೇ ಹೇಳಿ ತಿಳಿಸುತ್ತೇವೆ. ಮನೆಯವರಿಂದಲೇ ಅಪಾಯ ಅನ್ನಿಸಿದರೆ ಮಾತ್ರ ಬೇರೆ. ಚಿಕಿತ್ಸೆ ಮೊದಲು, ಕಾಗದ ಆಮೇಲೆ. ಹುಡುಗಿಯ ಪರೀಕ್ಷೆಯನ್ನು ಮಹಿಳಾ ಡಾಕ್ಟರೇ ಮಾಡಬೇಕು. ಅವಳು ನಂಬುವ ಒಬ್ಬರು ಜೊತೆಗಿರಬೇಕು. ಎಫ್‌ಐಆರ್ ಆಗದಿದ್ದರೂ ಪರೀಕ್ಷೆ ಮಾಡಬಹುದು. "ಎರಡು ಬೆರಳಿನ ಪರೀಕ್ಷೆ" ಅಂತ ಒಂದಿತ್ತು. ಅದನ್ನು ಮಾಡಿದವರು ದುರ್ವರ್ತನೆಯ ತಪ್ಪಿತಸ್ಥರು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಯಾರಾದರೂ ಮಾಡಲು ಹೊರಟರೆ ನಿಲ್ಲಿಸಿ. ಮಕ್ಕಳ ಯಾವ ತೊಂದರೆಗೂ 1098ಕ್ಕೆ ಫೋನ್ ಮಾಡಬಹುದು. ಮಕ್ಕಳೇ ಮಾಡಬಹುದು.

ಮಕ್ಕಳೆಲ್ಲ ಮುಂಬಯಿ, ದುಬೈ. ಅಪ್ಪನನ್ನು ಹೋಮ್ ನರ್ಸ್ ನೋಡಿಕೊಳ್ಳುತ್ತಾರೆ. ಎಲ್ಲ ಸರಿ ಇದೆಯಾ ಅಂತ ನೀವು ನೋಡುತ್ತೀರಾ?

ಅವರು ಕ್ಲಿನಿಕ್ಕಿಗೆ ಬಂದಾಗ ನೋಡುತ್ತೇವೆ. ತೂಕ ಇಳಿದಿದೆಯಾ. ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು ಇದೆಯಾ. ಉಗುರು, ಬಾಯಿ ಶುಚಿ ಇದೆಯಾ. ಹಗಲಿಡೀ ತೂಕಡಿಸುತ್ತಿದ್ದರೆ ನಿದ್ರೆ ಮಾತ್ರೆಯ ಲೆಕ್ಕ ಕೇಳುತ್ತೇವೆ. ತಿಂಗಳ ಸ್ಟ್ರಿಪ್ ಹದಿನೆಂಟು ದಿನಕ್ಕೆ ಖಾಲಿ ಆಗಿದ್ದರೆ ಎಲ್ಲೋ ಜಾಸ್ತಿ ಹೋಗುತ್ತಿದೆ ಅಂತ ಲೆಕ್ಕ.

ಹೋಮ್ ನರ್ಸ್ ಅಂದರೆ ಸಂಶಯದಿಂದಲೇ ನೋಡುವವರಿದ್ದಾರೆ. ಬೇರೆ ಊರಿನಿಂದ ಬಂದ, ಇಪ್ಪತ್ತೆರಡು ವರ್ಷದ ಹುಡುಗಿ ಅದು. ರಾತ್ರಿ ಮೂರು ಸಲ ಏಳಬೇಕು, ರಜೆ ಇಲ್ಲ, ಮರೆವಿನ ಅಜ್ಜ ಸಿಟ್ಟು ಬಂದರೆ ಹೊಡೆಯುತ್ತಾರೆ. ಅವಳ ಕೈಯ ಪೆಟ್ಟಿಗೆ ಡ್ರೆಸ್ಸಿಂಗ್ ಮಾಡಿ ಕಳಿಸಿದ್ದೂ ಇದೆ. ನೀವು ವಿಡಿಯೋ ಕಾಲ್ ಮಾಡುವಾಗ ಅಪ್ಪನ ಜೊತೆಗೆ ಅವಳನ್ನೂ ಎರಡು ಮಾತು ಕೇಳಿ. ವಾರಕ್ಕೊಂದು ದಿನ ಬಿಡುವು ಕೊಡಿ. ಹೀಗೆ ನಡೆಸುವ ಮನೆಗಳಲ್ಲಿ ಅಜ್ಜಂದಿರೂ ಚೆನ್ನಾಗಿರುವುದನ್ನು ನೋಡಿದ್ದೇನೆ.

ಹಿರಿಯರಿಗೆ ತೊಂದರೆ ಆಗುತ್ತಿದೆ ಅಂತ ನೆರೆಮನೆಯವರಿಗೆ ಗೊತ್ತಾದರೆ 14567ಕ್ಕೆ ತಿಳಿಸಬಹುದು. ಅದು ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ. ಮಕ್ಕಳು ತಂದೆ ತಾಯಿಯನ್ನು ನೋಡಿಕೊಳ್ಳದಿದ್ದರೆ 2007ರ ಕಾಯ್ದೆಯ ಪ್ರಕಾರ ಜೀವನಾಂಶ ಕೇಳಬಹುದು. ಅವರನ್ನು ಪೂರ್ತಿ ಕೈಬಿಟ್ಟರೆ ಮೂರು ತಿಂಗಳವರೆಗೆ ಜೈಲೂ ಆಗಬಹುದು.

ಅಜ್ಜನಿಗೆ ಬುದ್ಧಿ ಸರಿ ಇದೆ ಅಂತ ಒಂದು ಸರ್ಟಿಫಿಕೇಟ್ ಬೇಕಿತ್ತು. ವೀಲುನಾಮೆ ಮಾಡಲು.

ಈ ಪ್ರಶ್ನೆ ಸಾಧಾರಣವಾಗಿ ಸೋಮವಾರ ಬೆಳಿಗ್ಗೆ ಬರುತ್ತದೆ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವ ದಾರಿಯಲ್ಲಿ. ಕಾರಿನಲ್ಲಿ ಅಜ್ಜ ಕೂತಿರುತ್ತಾರೆ. ಒಬ್ಬ ಮಗ ಮಾತ್ರ ಜೊತೆಗಿರುತ್ತಾನೆ.

ಕಾರಿನಲ್ಲಿ ಕೂತವರನ್ನು ನೋಡಿ ಸರ್ಟಿಫಿಕೇಟ್ ಕೊಡುವುದಿಲ್ಲ. ಅಜ್ಜ ಒಳಗೆ ಬರಬೇಕು, ಮಗ ಹೊರಗಿರಬೇಕು. ನಿಮಗೆ ಎಷ್ಟು ಜಾಗ ಇದೆ, ಎಷ್ಟು ಮಕ್ಕಳು, ಯಾರಿಗೆ ಏನು ಕೊಡಬೇಕು ಅಂತಿದ್ದೀರಿ, ಯಾಕೆ? ಡಾಕ್ಟರು ಇಷ್ಟನ್ನೂ ನಿಧಾನ ಕೇಳುತ್ತಾರೆ. ಉತ್ತರ ಅಜ್ಜನ ಮಾತಿನಲ್ಲೇ ಬರೆದಿಡುತ್ತಾರೆ. ಮರೆವು ಶುರುವಾಗಿದೆ ಅಂದ ಕೂಡಲೇ ಎಲ್ಲ ತೀರ್ಮಾನದ ಶಕ್ತಿಯೂ ಹೋಯಿತು ಅಂತ ಅಲ್ಲ. ಬೆಳಿಗ್ಗೆ ಸ್ಪಷ್ಟ ಇದ್ದು ಸಂಜೆಗೆ ಗೊಂದಲ ಆಗುವವರಿದ್ದಾರೆ. ನಿನ್ನೆಯ ಊಟ ಮರೆತರೂ ಗದ್ದೆಯ ಗಡಿ ಮರೆಯದವರಿದ್ದಾರೆ. ಅನುಮಾನ ಇದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತೇವೆ. ಒಮ್ಮೆ ಒಬ್ಬ ಅಜ್ಜ ಬಾಗಿಲು ಹಾಕಿದ ಕೂಡಲೇ ಡಾಕ್ಟರ ಹತ್ತಿರ ಮೆಲ್ಲ ಹೇಳಿದರಂತೆ, "ನನಗೆ ಬುದ್ಧಿ ಸರಿ ಇದೆ. ಇಲ್ಲ ಅಂತ ಬರೆದುಕೊಡಿ, ಮಾರಾಯ್ರೆ."

ನಾನು ಮಗ, ದುಬೈಯಲ್ಲಿದ್ದೇನೆ. ಅಮ್ಮನ ರಿಪೋರ್ಟ್ ವಾಟ್ಸಾಪ್ ಮಾಡಿ.

ಅಮ್ಮ ಹೂಂ ಅಂದರೆ ಮಾಡುತ್ತೇವೆ. ಅವರು ಫಾರ್ಮಿನಲ್ಲಿ ಯಾರ ಹೆಸರು ಬರೆದಿದ್ದಾರೋ ಅವರಿಗೆ ಮಾತ್ರ. ಗಂಡನಿಗೂ ಇದೇ ಉತ್ತರ, ಊರಿನ ದೊಡ್ಡವರಿಗೂ ಇದೇ. ಎಚ್‌ಐವಿ ಫಲಿತಾಂಶ ಆದರೆ ಇನ್ನೂ ಬಿಗಿ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಆ ಟೆಸ್ಟಿಗೆ ಮೊದಲು ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು, ಅದರ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ.

ಮನಸ್ಸಿನ ಕಾಯಿಲೆ ಇರುವವರ ಮಾತಿಗೆ ಬೆಲೆ ಇದೆಯಾ? ಅವರು ದೂರು ಕೊಟ್ಟರೆ ತೆಗೆದುಕೊಳ್ಳುತ್ತೀರಾ?

ತೆಗೆದುಕೊಳ್ಳುತ್ತೇವೆ. "ಅವನಿಗೆ ತಲೆ ಸರಿ ಇಲ್ಲ ಬಿಡಿ" ಅಂತ ಒಂದು ದೂರನ್ನು ಬದಿಗಿಟ್ಟಿದ್ದೆವು. ಎರಡು ತಿಂಗಳ ಮೇಲೆ ಅದೇ ಕೆಲಸದವನ ಬಗ್ಗೆ ಇನ್ನೊಬ್ಬರು ಅದೇ ಮಾತು ಹೇಳಿದರು. ರೋಗಿಗಳ ಎದುರು ಅವರ ಕಾಯಿಲೆಯ ಹೆಸರು ಕೂಗಿ ಕರೆಯುತ್ತಿದ್ದನಂತೆ. ಮೊದಲನೆಯವರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ. ಅವರು ಕಾಫಿ ಕೊಟ್ಟರು. ಹೆಚ್ಚು ಮಾತಾಡಲಿಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿ ತನಗೆ ಬೇಕಾದವರನ್ನು ಪ್ರತಿನಿಧಿ ಅಂತ ಬರೆದಿಡಬಹುದು. ಮುಂದೆ ಕಾಯಿಲೆ ಜಾಸ್ತಿ ಆದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತಲೂ ಮೊದಲೇ ಬರೆದಿಡಬಹುದು. ಆತ್ಮಹತ್ಯೆಗೆ ಯತ್ನಿಸಿದವರನ್ನು ಅಪರಾಧಿಯಂತೆ ನೋಡಬಾರದು, ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ರಾತ್ರಿ ಹೊತ್ತಿನಲ್ಲಿ ಮಾತಾಡಲು ಯಾರಾದರೂ ಬೇಕು ಅನ್ನಿಸಿದರೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ, 14416. ಕನ್ನಡದಲ್ಲಿ ಮಾತಾಡುತ್ತಾರೆ.

ಸರಿ, ದೂರು ಕೊಡುವುದು ಹೇಗೆ?

ಹೇಗೆ ಬೇಕಾದರೂ. ಕೌಂಟರಿನ ಎಡಕ್ಕೆ ದೂರು ಪುಸ್ತಕ ಇದೆ. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿ, ನಾನು ಬರೆದು ಓದಿ ಹೇಳುತ್ತೇನೆ. ಫೋನ್ ಮಾಡಬಹುದು. ಹೆಸರು ಹಾಕದೆ ಕಾಗದ ಹಾಕಬಹುದು, ಆದರೆ ಉತ್ತರ ಯಾರಿಗೆ ಕೊಡಬೇಕು ಅಂತ ನನಗೆ ಗೊತ್ತಾಗುವುದಿಲ್ಲ ಅಷ್ಟೆ. ರೋಗಿಯ ಪರವಾಗಿ ಮನೆಯವರು, ನೆರೆಮನೆಯವರು, ಆಶಾ ಕಾರ್ಯಕರ್ತೆ ಯಾರೂ ಹೇಳಬಹುದು. ಯಾವತ್ತು, ಎಷ್ಟು ಹೊತ್ತಿಗೆ, ಯಾರು, ಏನು ಅಂದರು ಅನ್ನುವ ನಾಲ್ಕು ವಿಷಯ ಇದ್ದರೆ ಸಾಕು. ದೊಡ್ಡ ಭಾಷೆ ಬೇಡ.

ಮೊದಲು ದೂರು ಪೆಟ್ಟಿಗೆ ಇತ್ತು, ಬೀಗ ಹಾಕಿದ್ದು. ರಿಸೆಪ್ಷನ್‌ನ ಮುಂದೆಯೇ ಇಟ್ಟಿದ್ದೆವು. ವರ್ಷಕ್ಕೆ ಎರಡು ಚೀಟಿ, ಒಂದರಲ್ಲಿ ಬಸ್ಸಿನ ಟಿಕೆಟ್. ಎಲ್ಲರೂ ಖುಷಿಯಾಗಿದ್ದಾರೆ ಅಂದುಕೊಂಡಿದ್ದೆವು. ರಿಸೆಪ್ಷನ್‌ನವರ ಮೇಲಿನ ದೂರನ್ನು ರಿಸೆಪ್ಷನ್‌ನವರ ಕಣ್ಣೆದುರೇ ಯಾರು ಹಾಕುತ್ತಾರೆ? ಈಗ ಪೆಟ್ಟಿಗೆ ಶೌಚಾಲಯಕ್ಕೆ ಹೋಗುವ ದಾರಿಯಲ್ಲಿದೆ. ಚೀಟಿಗಳು ಬರುತ್ತಿವೆ.

ಕೊಟ್ಟ ಮೇಲೆ ಏನಾಗುತ್ತದೆ?

ಅದೇ ದಿನ ನಂಬರ್ ಇರುವ ರಸೀದಿ. ಮೂರು ದಿನದೊಳಗೆ ನನ್ನ ಫೋನ್. ಹದಿನೈದು ದಿನದೊಳಗೆ ಬರೆದ ಉತ್ತರ. ಹದಿನೈದು ದಿನದಲ್ಲಿ ಮುಗಿಯದಿದ್ದರೆ ಯಾಕೆ ಅಂತ ಕಾಗದ. ಯಾರ ಮೇಲೆ ದೂರೋ ಅವರು ವಿಚಾರಣೆಯಲ್ಲಿ ಕೂರುವುದಿಲ್ಲ. ರೋಗಿಗೆ ಅಪಾಯ ಇದೆ ಅನ್ನುವ ದೂರಾದರೆ ಆ ಕೆಲಸದವರನ್ನು ಅವತ್ತೇ ರೋಗಿಗಳ ಹತ್ತಿರದ ಕೆಲಸದಿಂದ ತೆಗೆಯುತ್ತೇವೆ. ತಪ್ಪಿತಸ್ಥರು ಅಂತ ತೀರ್ಮಾನ ಆಗಿ ಅಲ್ಲ, ವಿಚಾರಣೆ ಮುಗಿಯುವವರೆಗೆ.

ನಮ್ಮದೇ ಒಂದು ತಪ್ಪು ಹೇಳುತ್ತೇನೆ. ಒಂದೇ ದಿನ ಒಂದೇ ಹೆಸರಿನ, ಒಂದೇ ಸರ್‌ನೇಮಿನ ಇಬ್ಬರು ಹೆಂಗಸರು ರಕ್ತ ಕೊಟ್ಟರು. ಶುಗರ್ ಇಲ್ಲದವರಿಗೆ ಶುಗರ್ ರಿಪೋರ್ಟ್ ಹೋಯಿತು. ಅವರು ನಾಲ್ಕು ದಿನ ಮಾತ್ರೆ ನುಂಗಿದರು, ತಲೆ ತಿರುಗಿ ಕೂತುಬಿಟ್ಟರು. ಅವರ ಮಗಳು ಬಂದು ಕೂಗಾಡಿದಳು. ನಮ್ಮವರು ಮೊದಲು "ಹೆಸರು ನೀವು ನೋಡಬೇಕಿತ್ತು" ಅಂದರು. ಆ ಮಾತು ತಪ್ಪು. ಅವಳು ದೂರು ಬರೆದಳು. ಸಂಜೆಯೇ ಇಬ್ಬರೂ ರೋಗಿಗಳಿಗೆ ಫೋನ್ ಮಾಡಿದೆವು. ನಿಜವಾಗಿ ಶುಗರ್ ಇದ್ದವರು "ಎಲ್ಲ ನಾರ್ಮಲ್" ಅಂತ ಆರಾಮವಾಗಿ ಕೂತಿದ್ದರು, ಅದೇ ದೊಡ್ಡ ಅಪಾಯ. ಅವತ್ತಿನಿಂದ ರಕ್ತ ತೆಗೆಯುವಾಗ ಹೆಸರು, ಪ್ರಾಯ, ಮನೆಯ ಹೆಸರು ಮೂರನ್ನೂ ರೋಗಿಯ ಬಾಯಿಂದ ಕೇಳುತ್ತೇವೆ. "ನಿಮ್ಮ ಹೆಸರು ಇದೇ ಅಲ್ವಾ?" ಅಂತ ಕೇಳುವುದಿಲ್ಲ. ಹಾಗೆ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ.

ದೂರು ಕೊಟ್ಟರೆ ಮುಂದಿನ ಸಲ ಸರಿಯಾಗಿ ನೋಡುತ್ತಾರಾ?

ದೂರಿನ ಕಾಗದ ನಿಮ್ಮ ಫೈಲಿನಲ್ಲಿ ಇರುವುದಿಲ್ಲ, ನನ್ನ ಕಪಾಟಿನಲ್ಲಿರುತ್ತದೆ. ಆದರೂ ಮುಖ ಸಣ್ಣ ಮಾಡಿದರು, ಟೋಕನ್ ಹಿಂದೆ ಹಾಕಿದರು ಅನ್ನಿಸಿದರೆ ಅದೂ ಒಂದು ದೂರು. ನಮ್ಮಲ್ಲಿ ಅದನ್ನು ಮೊದಲನೆಯದಕ್ಕಿಂತ ಜೋರಾಗಿ ನೋಡುತ್ತೇವೆ.

ಬಿಲ್ ಜಾಸ್ತಿ ಆಯಿತು ಅನ್ನುವುದೂ ದೂರಾ?

ಹೌದು. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದರಪಟ್ಟಿಯೂ ನೋಂದಣಿ ಪತ್ರವೂ ಕಾಣುವ ಹಾಗೆ ಹಾಕಿರಬೇಕು. ನಮ್ಮದು ಕೌಂಟರಿನ ಹಿಂದೆ ಇದೆ. ಅಲ್ಲಿಗಿಂತ ಜಾಸ್ತಿ ತೆಗೆದುಕೊಂಡಿದ್ದರೆ ವಾಪಸ್. ತುರ್ತು ಸ್ಥಿತಿಯಲ್ಲಿ ಬಂದವರ ಹತ್ತಿರ ಮೊದಲು ಅಡ್ವಾನ್ಸ್ ಕಟ್ಟಿ ಅನ್ನುವ ಹಾಗಿಲ್ಲ.

ನನ್ನ ರೆಕಾರ್ಡ್ ಕೊಡುತ್ತೀರಾ?

ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡತೆಯ 2002ರ ನಿಯಮವೇ ಹೇಳುತ್ತದೆ. ಆಸ್ಪತ್ರೆಗೆ ಸೇರಿದವರ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟಿರಬೇಕು. ನಾವು ಹೊರರೋಗಿಗಳದ್ದೂ ಅಷ್ಟೇ ಇಡುತ್ತೇವೆ. ದೂರು ಕೊಡುವವರು ಮೊದಲು ಇದನ್ನು ತೆಗೆದುಕೊಳ್ಳಿ. ಎಲ್ಲಿ ಹೋದರೂ ಕೇಳುವುದು ಇದನ್ನೇ.

ದೂರು ಕ್ಲಿನಿಕ್ಕಿನ ಮುಖ್ಯ ಡಾಕ್ಟರ ಮೇಲೇ ಇದ್ದರೆ? ಅವರೇ ಮಾಲೀಕರಲ್ಲವಾ?

ಒಳ್ಳೆಯ ಪ್ರಶ್ನೆ. ಈ ಪ್ರಶ್ನೆಯನ್ನೂ ಉತ್ತರವನ್ನೂ ಅವರು ಓದಿಯೇ ಹಾಕಲು ಒಪ್ಪಿದ್ದು. ನಾನು ಸಂಬಳ ತೆಗೆದುಕೊಳ್ಳುವುದು ಅವರಿಂದ. ಹಾಗಾಗಿ ಅಂಥ ದೂರನ್ನು ನಾನು ಬರೆದುಕೊಳ್ಳುತ್ತೇನೆ, ಆದರೆ ನನ್ನ ವಿಚಾರಣೆಯನ್ನು ನೀವು ನಂಬಬೇಕಾಗಿಲ್ಲ. ಹೊರಗೆ ಮೂರು ದಾರಿ ಇವೆ. ಇದರಲ್ಲಿ ಯಾವುದಕ್ಕೂ ನಮ್ಮ ಅನುಮತಿ ಬೇಡ, ಮೊದಲು ನಮ್ಮ ಹತ್ತಿರ ಬರಬೇಕು ಅಂತಲೂ ಇಲ್ಲ.

ಒಂದು, ಜಿಲ್ಲೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ 2017ರ ತಿದ್ದುಪಡಿಯಿಂದ ಅದಕ್ಕೆ ಈ ಹೆಸರು ಬಂತು. ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ದರ, ನೋಂದಣಿ, ರೋಗಿಗಳ ಹಕ್ಕಿನ ಸನ್ನದನ್ನು ಮೀರಿದ್ದು, ಇಂಥವಕ್ಕೆ ಇದು ಸರಿಯಾದ ಜಾಗ. ನಮ್ಮ ಜಿಲ್ಲಾಧಿಕಾರಿ ಕಚೇರಿ ಮಣಿಪಾಲದ ರಜತಾದ್ರಿಯಲ್ಲಿದೆ.

ಎರಡು, ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು. ಡಾಕ್ಟರು ಮಾಡಬಾರದ್ದನ್ನು ಮಾಡಿದರು, ನಡತೆ ತಪ್ಪಿದರು ಅಂದರೆ ಅಲ್ಲಿಗೆ. ಎಚ್ಚರಿಕೆ ಕೊಡುವುದರಿಂದ ಹಿಡಿದು ಹೆಸರನ್ನು ಪಟ್ಟಿಯಿಂದ ತೆಗೆಯುವವರೆಗೆ ಅವರಿಗೆ ಅಧಿಕಾರ ಇದೆ. ಆರು ತಿಂಗಳಲ್ಲಿ ತೀರ್ಮಾನ ಆಗಬೇಕು ಅಂತ ನಿಯಮ. ಅಲ್ಲಿ ಹಣದ ಪರಿಹಾರ ಸಿಗುವುದಿಲ್ಲ, ಇದು ಗೊತ್ತಿಲ್ಲದೆ ಕಾಯುವವರಿದ್ದಾರೆ. ಹಲ್ಲಿನ ಡಾಕ್ಟರಿಗೆ, ಆಯುರ್ವೇದದವರಿಗೆ ಬೇರೆ ಬೇರೆ ಮಂಡಳಿ.

ಮೂರು, ಜಿಲ್ಲಾ ಗ್ರಾಹಕರ ಆಯೋಗ. ಹಣದ ಪರಿಹಾರ ಬೇಕಾದರೆ ಇಲ್ಲಿಗೆ. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯೂ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ನೀವು ಕೊಟ್ಟ ಫೀಸು 50 ಲಕ್ಷದವರೆಗೆ ಇದ್ದರೆ ಜಿಲ್ಲೆಯಲ್ಲೇ ಆಗುತ್ತದೆ. 5 ಲಕ್ಷದವರೆಗೆ ಅರ್ಜಿಗೆ ಶುಲ್ಕವೇ ಇಲ್ಲ. ವಕೀಲರಿಲ್ಲದೆ ನೀವೇ ವಾದಿಸಬಹುದು. ಆದರೂ ಚಿಕಿತ್ಸೆಯಲ್ಲಿ ತಪ್ಪು ಆಗಿದೆ ಅಂತ ತೋರಿಸಲು ಇನ್ನೊಬ್ಬ ತಜ್ಞರ ಅಭಿಪ್ರಾಯ ಇದ್ದರೆ ಒಳ್ಳೆಯದು.

ಸೀದಾ ಪೊಲೀಸ್ ಕೇಸ್ ಹಾಕಿದರೆ ಬೇಗ ಆಗುವುದಿಲ್ಲವಾ?

ಮೈಮೇಲೆ ಕೈ ಹಾಕಿದ್ದು, ಕಳ್ಳತನ, ಹಲ್ಲೆ ಆದರೆ ಹೌದು, 112. ಚಿಕಿತ್ಸೆಯ ತಪ್ಪಿಗೆ ಹಾಗಲ್ಲ. ಡಾಕ್ಟರ ಮೇಲೆ ಕ್ರಿಮಿನಲ್ ಕ್ರಮಕ್ಕೆ ನಿರ್ಲಕ್ಷ್ಯ ತೀರಾ ದೊಡ್ಡದಿರಬೇಕು, ತನಿಖೆಯವರು ಮೊದಲು ಬೇರೆ ಡಾಕ್ಟರ ಅಭಿಪ್ರಾಯ ಪಡೆಯಬೇಕು ಅಂತ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕ್ಲಿನಿಕ್ಕಿನಲ್ಲಿ ಗಾಜು ಒಡೆದು, ಸಿಸ್ಟರಿಗೆ ಹೊಡೆದರೆ ಮಾತ್ರ ಕೇಸ್ ನಿಮ್ಮ ಮೇಲೆ ತಿರುಗುತ್ತದೆ. ಅದಕ್ಕೆ 2009ರಿಂದ ಬೇರೆಯೇ ಕಾಯ್ದೆ ಇದೆ.

ಸಿಬ್ಬಂದಿಯೊಬ್ಬ ಕೆಟ್ಟದಾಗಿ ಮುಟ್ಟಿದ. ಹೇಳಲು ನಾಚಿಕೆ.

ನನ್ನ ಹತ್ತಿರವೇ ಹೇಳಬೇಕು ಅಂತಿಲ್ಲ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಕೆಲಸದವರಿದ್ದರೆ ಆಂತರಿಕ ಸಮಿತಿ ಇರಬೇಕು ಅಂತ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೇಳುತ್ತದೆ, ಹಾಗಾಗಿ ನಮ್ಮಲ್ಲಿ ಇದೆ. ಅಧ್ಯಕ್ಷೆ ಹೆಂಗಸು, ಹೊರಗಿನ ಸದಸ್ಯರೊಬ್ಬರು ಇದ್ದಾರೆ. ಇದು ಕೆಲಸದ ಹೆಂಗಸರಿಗೆ ಮಾತ್ರ ಅಲ್ಲ, ರೋಗಿಯಾಗಿ ಬಂದವರೂ ಕೊಡಬಹುದು. ಮೂರು ತಿಂಗಳೊಳಗೆ ಬರೆದು ಕೊಡಬೇಕು. ಬರೆಯಲು ಆಗದಿದ್ದರೆ ಸಮಿತಿಯವರು ನೆರವಾಗಬೇಕು. ಹತ್ತಕ್ಕಿಂತ ಕಡಿಮೆ ಕೆಲಸದವರಿರುವ ಕ್ಲಿನಿಕ್ಕುಗಳಲ್ಲಿ ಆದದ್ದಕ್ಕೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಪೊಲೀಸರಿಗೆ ಹೋಗುವ ಹಕ್ಕು ಇದರಿಂದ ತಪ್ಪುವುದಿಲ್ಲ. ಹುಡುಗರಿಗೂ ಹೀಗೆ ಆಗುತ್ತದೆ. ಅವರು ಹೇಳುವುದು ಇನ್ನೂ ಕಡಿಮೆ.

ಗೂಗಲ್‌ನಲ್ಲಿ ಒಂದು ಸ್ಟಾರ್ ಹಾಕಿದ್ದೆ. ನೀವು ಉತ್ತರ ಕೊಡಲಿಲ್ಲ.

ಓದಿದ್ದೇವೆ. ನೀವು ನಮ್ಮ ರೋಗಿ ಹೌದು ಅಂತ ಅಲ್ಲಿ ಬರೆದರೂ ನಿಮ್ಮ ಗುಟ್ಟು ಹೊರಬಿದ್ದ ಹಾಗೆ. ಒಂದು ಫೋನ್ ಮಾಡಿ, ಮಾತಾಡುವ.

ಚೆನ್ನಾಗಿ ನೋಡಿದರು. ಸಿಸ್ಟರಿಗೆ ಏನಾದರೂ ಕೊಡಬಹುದಾ?

ಪುಸ್ತಕದಲ್ಲಿ ಎರಡು ಸಾಲು ಬರೆಯಿರಿ. ದುಡ್ಡು, ಚಿನ್ನ, ಸೀರೆ ಬೇಡವೇ ಬೇಡ. ಒಂಟಿ ಅಜ್ಜಿಯರು ಪ್ರೀತಿಯಿಂದ ಬಳೆ ತೆಗೆದು ಕೊಡಲು ಬರುತ್ತಾರೆ. ಇಂದು ಪ್ರೀತಿ, ನಾಳೆ ಮಗಳು ಬಂದು "ಬಳೆ ಎಲ್ಲಿ?" ಅಂದರೆ ಸಿಸ್ಟರ್ ಏನು ಹೇಳಬೇಕು? ಹಾಗಾಗಿ ಬಂದದ್ದನ್ನೆಲ್ಲ ಬರೆದಿಡಲು ಒಂದು ಉಡುಗೊರೆ ಪುಸ್ತಕ ಇದೆ, ವಾಪಸ್ ಕೊಟ್ಟದ್ದನ್ನೂ ಬರೆಯುತ್ತೇವೆ. ಕಳೆದ ಮೇ ತಿಂಗಳಲ್ಲಿ ಒಬ್ಬರು ರಿಕ್ಷಾದಲ್ಲಿ ಬಕ್ಕೆ (ಗಟ್ಟಿ ಸೊಳೆಯ) ಹಲಸಿನ ಹಣ್ಣು ತಂದು ಬಾಗಿಲಲ್ಲಿ ಇಳಿಸಿ ಹೋಗಿಬಿಟ್ಟರು. ಸೆಕ್ಯುರಿಟಿಯವರು ಕೊಯ್ದು, ಕೈಗೆ ಎಣ್ಣೆ ಹಚ್ಚಿಕೊಂಡು ಸೊಳೆ ಬಿಡಿಸಿ, ಟೋಕನ್ ಹಿಡಿದು ಕೂತವರಿಗೆಲ್ಲ ಹಂಚಿದರು. ಶುಗರ್ ಇರುವವರಿಗೆ ಒಂದೇ ಸೊಳೆ. ಪುಸ್ತಕದಲ್ಲಿ ಹೀಗೆ ಬರೆದಿದೆ: "ಹಲಸು, ಒಂದು, ಬಕ್ಕೆ. ವಾಪಸ್ ಕೊಡಲು ಆಗಲಿಲ್ಲ."